ಉಪವಾಸದ ಹಲ್ವ

ನನ್ನ ತಮ್ಮ ಸ್ಟ್ರಾಟಿಸ್ ದಪ್ಪ ಎಂದು ಊರಿನವರು ಆಡಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಅನ್ನುವ ಹಕ್ಕು ಇರುವುದು ನನಗೊಬ್ಬಳಿಗೆ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು, ಅವ್ವ ಹೋದ ಮೇಲೆ ಬೇಯಿಸಿ ಹಾಕುತ್ತಿರುವವಳೂ ನಾನು. ಅವನಿಗೆ ಹೆಂಡತಿ ಮಕ್ಕಳಿಲ್ಲ. ಕಾಫಿ ಅಂಗಡಿಗಳ ಕುರ್ಚಿಗೆ ಜೊಂಡು ಹೆಣೆದು ಕೊಡುವುದು ಅವನ ಕಸುಬು. ಕೂತೇ ಮಾಡುವ ಕೆಲಸ. ಮಾಡಿ ಮುಗಿದ ಮೇಲೆ ಗಟ್ಟಿಯಿದೆಯೋ ಇಲ್ಲವೋ ಎಂದು ಮತ್ತೆ ಅದರ ಮೇಲೇ ಕೂತು ನೋಡುತ್ತಾನೆ. ಸ್ಟ್ರಾಟಿಸ್ ಕೂತೆದ್ದ ಕುರ್ಚಿ ಇನ್ನು ಯಾರು ಕೂತರೂ ಮುರಿಯುವುದಿಲ್ಲ ಎಂದು ಊರಿನವರ ನಂಬಿಕೆ. ನಾನು ಬಳುಕುವ ಬಳ್ಳಿಯೆಂದು ಹೇಳಿಕೊಳ್ಳುತ್ತಿಲ್ಲ. ಆದರೆ ನಾನು ಗೋಪುರ ಹತ್ತಬೇಕಾಗಿಲ್ಲ.

ಸ್ಟ್ರಾಟಿಸ್ ಹತ್ತಬೇಕು. ನಮ್ಮ ಚರ್ಚಿನ ಗೋಪುರದಲ್ಲಿ ಮೂರು ಗಂಟೆಗಳಿವೆ. ಕೆಳಗೆ ನಿಂತು ಹಗ್ಗ ಜಗ್ಗಿದರೆ ದೊಡ್ಡದೊಂದೇ ಬಡಿಯುತ್ತದೆ. ಅದು ಸಾವಿಗೆ, ಮತ್ತೆ ಬರಿಯ ಭಾನುವಾರಕ್ಕೆ. ಹಬ್ಬದ ಬಡಿತ ಬೇಕೆಂದರೆ ಮೇಲಕ್ಕೇ ಹೋಗಬೇಕು. ಎರಡು ಕೈಗೆ ಎರಡು ಸಣ್ಣ ಗಂಟೆ, ಎಡಗಾಲಿಗೆ ಕುಣಿಕೆ ಹಾಕಿಕೊಂಡು ದೊಡ್ಡ ಗಂಟೆ, ಮೂರನ್ನೂ ಕುಣಿಸುತ್ತ ತಾನೂ ಕುಣಿಯಬೇಕು. ತಾತ ಅಪ್ಪನಿಗೆ ಕಲಿಸಿದ, ಅಪ್ಪ ಇವನಿಗೆ ಕಲಿಸಿದ. ನನ್ನನ್ನು ಯಾರೂ ಹತ್ತಿಸಲಿಲ್ಲ, ಆ ಮಾತು ಬೇರೆ. ಅಪ್ಪ ಬಾರಿಸುವಾಗ ಅವ್ವ ಒಲೆಯ ಮುಂದೆ ಸೌಟು ಹಿಡಿದು ನಿಂತು, "ಇವತ್ತು ಸಿಟ್ಟಲ್ಲವ್ನೆ," ಅಥವಾ "ಇವತ್ತು ಒಂದು ಲೋಟ ಜಾಸ್ತಿ ಆಗೈತೆ," ಎನ್ನುತ್ತಿದ್ದಳು. ಅವಳು ಹೇಳಿದ್ದು ಒಂದು ಸಲವೂ ತಪ್ಪಿದ್ದಿಲ್ಲ. ಅಪ್ಪ ಸತ್ತು ಎಷ್ಟೋ ವರ್ಷವಾಯಿತು. ಅವನ ಮುಖ ಫೋಟೋ ನೋಡದೆ ನೆನಪಿಗೆ ಬರುವುದಿಲ್ಲ, ಆದರೆ ಸ್ಟ್ರಾಟಿಸ್ ಹಬ್ಬದ ಬಡಿತ ಬಾರಿಸಿದರೆ ಅಪ್ಪ ಅಂಗಳದಲ್ಲಿ ಕೆಮ್ಮಿದ ಹಾಗೆ ನನಗೆ ಕೇಳಿಸುತ್ತದೆ. ಇದನ್ನು ಸ್ಟ್ರಾಟಿಸನಿಗೆ ನಾನು ಹೇಳಿರಲಿಲ್ಲ, ಹೇಳಿದರೆ ಕೊಬ್ಬುತ್ತಾನೆ.

ಗೋಪುರದ ಮೆಟ್ಟಿಲು ಕಲ್ಲಿನದು, ಸುತ್ತಿಕೊಂಡು ಹೋಗುತ್ತದೆ. ನಡುವೆ ಒಂದು ತಿರುವಿನಲ್ಲಿ ಗೋಡೆ ಎರಡೂ ಕಡೆಯಿಂದ ಒತ್ತಿಕೊಂಡು ಬಂದಿದೆ. ಅದಕ್ಕೆ ನಾವು ಸೂಜಿಕಣ್ಣು ಅನ್ನುತ್ತೇವೆ. ಈ ಸಲ ಜನವರಿಯಲ್ಲಿ ನೀರು ಹರಸುವ ಹಬ್ಬದ ದಿನ ನನ್ನ ತಮ್ಮ ಆ ಸೂಜಿಕಣ್ಣಿನಲ್ಲಿ ಸಿಕ್ಕಿಕೊಂಡ. ಪಾದ್ರಿ ಲೆಫ್ಟೆರಿಸ್ ಶಿಲುಬೆ ಎತ್ತಿಕೊಂಡು ಸಮುದ್ರದ ದಂಡೆಯಲ್ಲಿ ಕಾಯುತ್ತ ನಿಂತಿದ್ದಾರೆ, ಅದನ್ನು ನೀರಿಗೆಸೆದಾಗ ಧುಮುಕಿ ತರಬೇಕಾದ ಹುಡುಗರು ಚಡ್ಡಿ ಹಾಕಿಕೊಂಡು ಚಳಿಯಲ್ಲಿ ನಡುಗುತ್ತಿದ್ದಾರೆ, ಗಂಟೆಯೇ ಇಲ್ಲ. ಕೊನೆಗೆ ನಾಲ್ಕು ಜನ ಹೋಗಿ ಕಾಲು ಹಿಡಿದು ಎಳೆದು ತೆಗೆದರು. ಅಂಗಿಯ ಗುಂಡಿಗಳು ಮೆಟ್ಟಿಲ ಮೇಲಿಂದ ಟಣಟಣ ಎಂದು ಉರುಳಿದ್ದೇ ಆವತ್ತು ನಮಗೆ ಕೇಳಿಸಿದ ಹಬ್ಬದ ಸದ್ದು.

ಆ ಸಂಜೆಯೇ ಇಗ್ನಾಟಿಸ್ ಮೋಟರಿನ ಮಾತು ಎತ್ತಿದ. ಇಗ್ನಾಟಿಸನಿಗೆ ದೀಪ, ವೈರು ಮಾರುವ ಅಂಗಡಿಯಿದೆ, ಚರ್ಚಿನ ಸಮಿತಿಯಲ್ಲಿ ಒಂದು ಕುರ್ಚಿಯೂ ಇದೆ. ಕುರ್ಚಿ ಹೆಣೆದವನು ಸ್ಟ್ರಾಟಿಸನೇ.

"ಮಿಟಿಲಿನಿ ಪಟ್ಟಣದಲ್ಲಿ ಎಲ್ಲ ಚರ್ಚಲ್ಲೂ ಈಗ ಮೋಟರೇ, ಫಾದರ್," ಎಂದ. "ಒಂದು ಗುಂಡಿ ಒತ್ತಿದ್ರೆ ಮೂರೂ ಗಂಟೆ ತಾವಾಗೇ ಹೊಡ್ಕೊಳ್ತವೆ. ನಮ್ಮ ಸ್ಟ್ರಾಟಿಸಣ್ಣನ್ನ ನೋಡಿದ್ರೆ ನಂಗೆ ಕರುಳು ಕಿತ್ತು ಬರ್ತದೆ. ಅವನಿಗೂ ವಿಶ್ರಾಂತಿ ಬೇಡ್ವಾ?"

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಅವನಿಗೆ ಚಿಕ್ಕಂದಿನಿಂದಲೂ ಗಂಟೆ ಬಾರಿಸುವ ಆಸೆ. ನಮ್ಮಪ್ಪ ಒಂದು ಸಲ ಹತ್ತಿಸಿದ್ದ. ಕೈಗೂ ಕಾಲಿಗೂ ತಾಳ ಕೂಡದೆ ಇವನು ಹಗ್ಗಕ್ಕೆ ಸಿಕ್ಕಿಕೊಂಡು ಅತ್ತಿದ್ದ. ಗುಂಡಿಯಾದರೆ ಒಂದೇ ಬೆರಳು ಸಾಕು.

ಪಾದ್ರಿ ಲೆಫ್ಟೆರಿಸ್ ಗಡ್ಡ ಸವರಿಕೊಂಡರು. "ಒಂಟೆ ಸೂಜಿಕಣ್ಣಲ್ಲಿ ನುಸುಳೋ ವಿಚಾರ ಗ್ರಂಥದಲ್ಲಿ ಇದೆ," ಎಂದರು. "ಸ್ಟ್ರಾಟಿಸ್ ವಿಚಾರ ಇಲ್ಲ. ನಾನೇ ಹೇಳಬೇಕು. ಕ್ರಿಸ್ತ ಎದ್ದ ಪಾಸ್ಕ ಹಬ್ಬದ ಹಿಂದಿನ ಶನಿವಾರ ಬೆಳಿಗ್ಗೆ ಅವನು ತನ್ನ ಕಾಲಲ್ಲಿ ಹತ್ತಿ, ಬಾರಿಸಿ, ತನ್ನ ಕಾಲಲ್ಲೇ ಇಳಿದು ಬಂದ್ರೆ ಗಂಟೆ ಅವನದ್ದು. ಯಾರಾದ್ರೂ ತಳ್ಳಿದ್ರೆ, ಎಳೆದ್ರೆ, ಮೋಟರು ಬರ್ತದೆ."

ಸ್ಟ್ರಾಟಿಸ್ ನಕ್ಕ. "ಫಾದರ್, ಮುಂದೆ ದೊಡ್ಡ ಉಪವಾಸ ಬರ್ತಾ ಇದೆ. ಏಳು ವಾರ. ನಾನು ಜೊಂಡಿನ ಕಡ್ಡಿ ಆಗಿ ಬರ್ತೀನಿ, ನೋಡ್ತಿರಿ."

ಎಲ್ಲರೂ ಒಪ್ಪಿದರು. ಏಳು ವಾರ ಉಪವಾಸ ಮಾಡಿದವನು ಸಣ್ಣಗಾಗದೆ ಇನ್ನೇನು ಆಗುತ್ತಾನೆ ಎಂದು ನಾನೂ ಅಂದುಕೊಂಡೆ. ಹುಟ್ಟಿದಾಗಿನಿಂದ ಉಪವಾಸ ಮಾಡುತ್ತ ಬಂದ ನಮ್ಮೂರಿನ ಹೆಂಗಸರನ್ನು ಒಂದು ಸಲ ಕಣ್ಣುಬಿಟ್ಟು ನೋಡಿದ್ದರೆ ಸಾಕಿತ್ತು, ಉತ್ತರ ಅಲ್ಲೇ ಇತ್ತು.

ನಮ್ಮ ಉಪವಾಸದಲ್ಲಿ ಮಾಂಸವಿಲ್ಲ, ಹಾಲು, ಬೆಣ್ಣೆ, ಮೊಟ್ಟೆ ಇಲ್ಲ. ಎಣ್ಣೆ ಶನಿವಾರ, ಭಾನುವಾರ ಮಾತ್ರ. ಆದರೆ ಸಕ್ಕರೆಯಲ್ಲಿ ರಕ್ತವಿಲ್ಲ, ಎಳ್ಳಿನಲ್ಲೂ ಇಲ್ಲ. ಹಾಗಾಗಿ ಉಪವಾಸ ಶುರುವಾದ ಸೋಮವಾರವೇ ಅಂಗಡಿಗಳ ಮುಂದೆ ಎಳ್ಳು ಹಲ್ವದ ಅಚ್ಚುಗಳು ಇಟ್ಟಿಗೆ ಜೋಡಿಸಿದ ಹಾಗೆ ಏರುತ್ತವೆ. ಶನಿವಾರ ಬಂತೆಂದರೆ ಮನೆಮನೆಯಲ್ಲೂ ರವೆ ಹಲ್ವ. ಬೆಣ್ಣೆ ಇಲ್ಲ ಎಂದ ಮೇಲೆ ಆಲಿವ್ ಎಣ್ಣೆ ಸುರಿಯುವಾಗ ಯಾರ ಕೈಯೂ ನಡುಗುವುದಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಹಾಗೆ, ನನ್ನ ತಮ್ಮ ಬಯಸಿದ್ದೂ ಹಲ್ವ, ಚರ್ಚು ಬಿಟ್ಟಿದ್ದೂ ಹಲ್ವ.

ಮೊದಲ ವಾರ ನನಗೆ ಹೊಳೆಯಲಿಲ್ಲ. ಮಾಂಸ ತಿನ್ನದವನು ಪಾಪ, ಹಸಿದಿರುತ್ತಾನೆ ಎಂದು ನಾನೇ ಬಡಿಸಿದೆ. ಎರಡನೇ ವಾರ ಅವನು ಬೆಳಗಿನ ತಿಂಡಿಗೇ ಎಳ್ಳು ಹಲ್ವದ ತುಂಡನ್ನು ರೊಟ್ಟಿಯ ನಡುವೆ ಇಟ್ಟುಕೊಂಡು ಕೂತಿದ್ದನ್ನು ನೋಡಿದೆ.

"ಏನೋ ಅದು?" ಎಂದೆ.

"ಉಪವಾಸ," ಎಂದ, ಬಾಯಿ ತುಂಬಿತ್ತು.

"ಉಪವಾಸ ಇಷ್ಟು ದಪ್ಪ ಇರ್ತದಾ?"

"ಅಕ್ಕ, ನೀನು ಓದಿಲ್ಲ, ಬರೆದಿಲ್ಲ, ನಿಂಗೆ ಗೊತ್ತಾಗಲ್ಲ. ದಪ್ಪ ಮಾಡೋದು ಕೊಬ್ಬು. ಕೊಬ್ಬು ಎಲ್ಲಿರ್ತದೆ? ಪ್ರಾಣೀಲಿ. ಎಳ್ಳು ಪ್ರಾಣೀನಾ?"

"ನೀನೂ ನಾನೂ ಒಂದೇ ಸ್ಕೂಲಿಂದ ಓಡಿ ಬಂದವರು ಕಣೋ. ಎಳ್ಳು ಹಿಂಡಿದ್ರೆ ಏನು ಬರ್ತದೆ, ನೀರಾ?"

"ಚರ್ಚು ಬೇಡ ಅಂದಿಲ್ಲ," ಎಂದು ಇನ್ನೊಂದು ತುಂಡು ಕೊಯ್ದುಕೊಂಡ. "ಅಷ್ಟೊಂದು ಸಂತರು ಕೂತು ಯೋಚನೆ ಮಾಡಿ ಬರೆದಿರೋದು. ನಿನಗಿಂತ ಅವರಿಗೆ ಗೊತ್ತಿತ್ತು."

ಅದರ ಮೇಲೆ ಸತ್ತವರ ಶನಿವಾರಗಳು ಬಂದವು. ಆ ಶನಿವಾರಗಳಲ್ಲಿ ನಾವು ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ, ದ್ರಾಕ್ಷಿ, ಬಾದಾಮಿ ಕಲಸಿ ಚರ್ಚಿಗೆ ತರುತ್ತೇವೆ; ಹರಸಿದ ಮೇಲೆ ಹಂಚುತ್ತೇವೆ. ಗಂಟೆಯವನಿಗೆ ಮನೆಗೊಂದು ಪೊಟ್ಟಣ ಕೊಡುವುದು ನಮ್ಮೂರಿನ ಪದ್ಧತಿ. ಊರು ಚಿಕ್ಕದಾದರೂ ಸತ್ತವರು ಬಹಳ. ಸ್ಟ್ರಾಟಿಸ್ ಚೀಲ ತುಂಬ ಪೊಟ್ಟಣ ಹೊತ್ತು ತಂದು, ಒಂದೊಂದನ್ನೇ ಬಿಚ್ಚಿ, ಹೆಸರು ಹಿಡಿದು ತಿಂದ.

"ದೇವರು ನಿಕೊಲೆಟ್ಟನ್ನ ಕ್ಷಮಿಸಲಿ," ಎಂದು ಒಂದು ಮುಕ್ಕಿದ. "ದೇವರು ಮುದುಕ ಅಪೊಸ್ತೋಲಿಸನ್ನ ಕ್ಷಮಿಸಲಿ. ಅವನು ಬದುಕಿದ್ದಾಗ ಇಷ್ಟು ಬಾದಾಮಿ ಹಾಕ್ತಿರಲಿಲ್ಲ."

"ಎಲ್ಲಾ ನೀನೊಬ್ನೇ ತಿನ್ಬೇಕಾ?"

"ತಿನ್ನದೆ ಬಿಟ್ರೆ ಅವರ ಆತ್ಮ ಹಸ್ಕೊಂಡಿರ್ತದೆ. ಪಾಪ ನಂಗೆ ಬರಲ್ವಾ?"

"ಊರಿನ ಸತ್ತವರನ್ನೆಲ್ಲ ಹೊಟ್ಟೇಲಿ ಹೊತ್ತು ತಿರುಗು. ಗೋಪುರ ಹತ್ತೋವಾಗ ಅವರೇ ಬಂದು ತಳ್ತಾರೆ," ಎಂದೆ. ಅವನು ಕ್ಷಮಿಸುವ ಕೆಲಸದಲ್ಲಿ ಮುಳುಗಿದ್ದ, ಕೇಳಿಸಿಕೊಳ್ಳಲಿಲ್ಲ.

ಇನ್ನು ನನ್ನ ಮನೆಯ ಜಾಡಿಗಳು. ಹೇರಳೆ ಸಿಪ್ಪೆಯನ್ನು ಸುರುಳಿ ಸುತ್ತಿ ದಾರದಲ್ಲಿ ಪೋಣಿಸಿ, ಕಹಿ ಹೋಗುವವರೆಗೆ ನೀರು ಬದಲಿಸಿ, ಪಾಕದಲ್ಲಿ ಬೇಯಿಸಿ ಇಡುತ್ತೇನೆ. ಅದು ಚಮಚದ ಸಿಹಿ, ಅತಿಥಿಗಳಿಗೆ ಇಡುವುದು. ಮುಂದಿನ ಕೋಣೆಯಲ್ಲಿ ಕೂರಿಸಿ ಪುಟ್ಟ ತಟ್ಟೆಯಲ್ಲಿ ಒಂದೇ ಸುರುಳಿ, ಪಕ್ಕದಲ್ಲಿ ಚಮಚ, ಒಂದು ಲೋಟ ತಣ್ಣೀರು. ತಿಂದು, ಮನೆಗೆ ಒಳ್ಳೆಯದಾಗಲಿ ಎಂದು ಹರಸಿ, ಚಮಚವನ್ನು ಲೋಟದೊಳಗೆ ಇಟ್ಟರೆ ಮುಗಿಯಿತು, ಸಾಕು ಎಂದು ಅರ್ಥ. ಆಮೇಲೆ ಯಾರೂ ಬಲವಂತ ಮಾಡುವುದಿಲ್ಲ. ಸ್ಟ್ರಾಟಿಸ್ ಮಾತ್ರ ಅಡುಗೆಮನೆಯಲ್ಲಿ ನಿಂತುಕೊಂಡೇ, ಜಾಡಿಗೆ ನೇರವಾಗಿ ಚಮಚ ಹಾಕಿ ತಿನ್ನುವವನು. ಮನೆಯವನಿಗೆ ತಟ್ಟೆಯಿಲ್ಲ, ಲೋಟವಿಲ್ಲ, ಲೆಕ್ಕವೂ ಇಲ್ಲ.

"ಒಂದೇ ಚಮಚ ಅಕ್ಕ," ಎನ್ನುತ್ತಿದ್ದ. ಚಮಚ ಒಂದೇ, ನಿಜ.

ಉಪವಾಸ ಮುಗಿಯುತ್ತ ಬಂದಾಗ ಅವನು ಗೋಪುರದ ಹತ್ತಿರವೇ ಸುಳಿಯಲಿಲ್ಲ. ಒಮ್ಮೆ ಹತ್ತಿ ನೋಡು ಎಂದರೆ ಕುರ್ಚಿ ಕೆಲಸ ಇದೆ ಎನ್ನುತ್ತಿದ್ದ. ಗರಿಯ ಭಾನುವಾರದ ಹಿಂದಿನ ದಿನ ನಾನೇ ತೋಳು ಹಿಡಿದು ಕರೆದುಕೊಂಡು ಹೋದೆ. ಚರ್ಚಿನಲ್ಲಿ ಯಾರೂ ಇರಲಿಲ್ಲ. ಅವನು ಹತ್ತಿದ, ನಾನು ಕೆಳಗೆ ನಿಂತೆ. ಹೆಜ್ಜೆಯ ಸದ್ದು ನಿಂತಿತು. ಉಸಿರಿನ ಸದ್ದು ಬಂತು. ಆಮೇಲೆ ಅವನು ಹಿಂದೆ ಹಿಂದೆ ಇಳಿದು ಬಂದ.

"ಗೋಡೆ ಊದ್ಕೊಂಡಿದೆ," ಎಂದ. "ಈ ವರ್ಷ ಚಳಿಗಾಲ ತೇವ ಜಾಸ್ತಿ. ಕಲ್ಲು ನೀರು ಕುಡಿದಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಸೂಜಿಕಣ್ಣಿನ ತನಕ ಹೋಗಲೇ ಇಲ್ಲ ಅಕ್ಕ. ಅದಕ್ಕಿಂತ ಕೆಳಗೇ ಹಿಡ್ಕೊಂಡ್ತು."

ನಾನು ಬೈಯಲು ಬಾಯಿ ತೆರೆದಿದ್ದೆ. ಆದರೆ ಅವನು ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಐವತ್ತು ದಾಟಿದ ಗಂಡಸು, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಫೇಲಾಗಿ ಬಂದವನ ಹಾಗೆ ಕೂತ.

"ಇಷ್ಟು ವಾರ ಒಂದು ಚೂರು ಚೀಸ್ ಮುಟ್ಟಿಲ್ಲ ಅಕ್ಕ. ಒಂದು ಮೊಟ್ಟೆ ಮುಟ್ಟಿಲ್ಲ. ನಿಜವಾಗ್ಲೂ ಸಣ್ಣ ಆಗ್ತಿದೀನಿ ಅನ್ಕೊಂಡಿದ್ದೆ." ತಲೆಯೆತ್ತಿ ಮೇಲೆ ನೋಡಿ, "ಗುಂಡಿ ಒತ್ತಿದ್ರೆ ಅಪ್ಪನ ಬಡಿತ ಬರ್ತದಾ?" ಎಂದು ಕೇಳಿದ.

ಅವನಿಗೂ ಅದು ಹಾಗೆಯೇ ಕೇಳಿಸುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು. "ಬರಲ್ಲ," ಎಂದೆ. "ಏಳು. ಇನ್ನೊಂದು ವಾರ ಇದೆ."

ಮನೆಗೆ ಹೋಗಿ ಜಾಡಿಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಆ ವಾರ ಅವನಿಗೆ ಬೇಯಿಸಿದ ಕಾಡುಸೊಪ್ಪು, ನಿಂಬೆರಸ, ಒಂದು ತುಂಡು ರೊಟ್ಟಿ. ಬೆಳಿಗ್ಗೆ ಬೆಟ್ಟದ ಮೇಲಿನ ಸಣ್ಣ ಗುಡಿಯವರೆಗೆ ನಡೆಸಿದೆ, ಸಂಜೆಯೂ ನಡೆಸಿದೆ. ದಾರಿಯಲ್ಲಿ ಸಿಕ್ಕವರು "ಏನಣ್ಣ, ಯಾತ್ರೆಗಾ?" ಎಂದು ಚುಡಾಯಿಸಿದರು. ಅವನು ತಲೆ ತಗ್ಗಿಸಿ ಹೆಜ್ಜೆ ಹಾಕಿದ. ಎಳ್ಳು ಹಲ್ವದ ಅಂಗಡಿ ಬಂದಾಗ ರಸ್ತೆಯ ಆಚೆ ಬದಿಗೆ ಹೋಗಿ, ಸಮುದ್ರ ನೋಡುತ್ತ ನಡೆದ. ನನ್ನ ತಮ್ಮ ಸಮುದ್ರ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಚರ್ಚು ತುಂಬಿತ್ತು. ಆ ದಿನ ಪಾದ್ರಿಗಳು ಬುಟ್ಟಿ ತುಂಬ ಸುವಾಸನೆಯ ಎಲೆ ತಂದು, "ಎದ್ದೇಳು ದೇವರೇ" ಎಂದು ಹಾಡುತ್ತ ಜನರ ಮೇಲೆ ಎರಚುತ್ತಾರೆ. ಜನ ಬೆಂಚುಗಳನ್ನು ದಬದಬ ಬಡಿಯುತ್ತಾರೆ, ಅದೇ ಕ್ಷಣಕ್ಕೆ ಮೂರೂ ಗಂಟೆ ಎದ್ದು ಕುಣಿಯಬೇಕು. ಒಂದು ಉಸಿರು ತಡವಾದರೂ ಕೆಟ್ಟಿತು.

ಅದಕ್ಕಿಂತ ಮುಂಚೆ ನಾನು, ಸ್ಟ್ರಾಟಿಸ್, ಪಾದ್ರಿ ಮೂವರು ಗೋಪುರದ ಬಾಗಿಲಲ್ಲಿ ನಿಂತಿದ್ದೆವು. ನನ್ನ ಕೈಯಲ್ಲಿ ಆಲಿವ್ ಎಣ್ಣೆಯ ಶೀಶೆಯಿತ್ತು. ಬನಿಯನ್ನಿನ ಮೇಲೆ, ಎರಡೂ ಪಕ್ಕೆಗೆ ಧಾರಾಳವಾಗಿ ಸವರುತ್ತಿದ್ದೆ.

ಇಗ್ನಾಟಿಸ್ ಹಿಂದಿನಿಂದ ಬಂದ. "ಫಾದರ್, ಇದು ಬೇರೆ ಶನಿವಾರದ ಹಾಗಲ್ಲ, ಇವತ್ತು ವರ್ಷದಲ್ಲೇ ಕಠಿಣ ಉಪವಾಸ. ಎಣ್ಣೆ ನಿಷಿದ್ಧ ಅಲ್ವಾ?"

"ಬಾಯಿಗೆ ನಿಷಿದ್ಧ," ಎಂದರು ಪಾದ್ರಿ. "ಪಕ್ಕೆಲುಬಿಗೆ ಅಂತ ಎಲ್ಲೂ ಬರೆದಿಲ್ಲ."

ಸ್ಟ್ರಾಟಿಸ್ ಹೋದ. ನಾನು ಬಾಗಿಲ ಬಳಿಯೇ ನಿಂತೆ. ಹೆಜ್ಜೆ ಸದ್ದು ನಿಂತಿತು, ಉಸಿರು ಬಂತು, ಬಟ್ಟೆ ಕಲ್ಲಿಗೆ ಉಜ್ಜುವ ಸದ್ದು ಬಂತು. ಒಂದು ನರಳಾಟ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಳಗೆ ಪಾದ್ರಿಗಳ ಹಾಡು ಶುರುವಾಗಿಯೇ ಬಿಟ್ಟಿತು. ನಾನು ಶಿಲುಬೆ ಗುರುತು ಮಾಡಿಕೊಳ್ಳಲು ಕೈ ಎತ್ತಿದೆ, ಎಣ್ಣೆ ಶೀಶೆ ಕೈಯಲ್ಲೇ ಇತ್ತು, ಹಣೆಗೆ ತಗಲಿತು. ಎಲೆಗಳು ಹಾರಿದವು, ಬೆಂಚುಗಳು ಗುಡುಗಿದವು, ನನ್ನ ತಲೆಯ ಮೇಲೆ ಮೂರು ಗಂಟೆ ಒಟ್ಟಿಗೇ ಬಾಯಿಬಿಟ್ಟವು.

ನಾನು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ. ಅದು ಅಪ್ಪನೇ. ಅಪ್ಪ ಸಿಟ್ಟಿಲ್ಲದೆ, ಕುಡಿಯದೆ, ಬೆಳಿಗ್ಗೆ ಎದ್ದು ಖುಷಿಯಲ್ಲಿರುವಾಗ ಬಾರಿಸಿದ ಬಡಿತ. ಪಕ್ಕದ ಹೆಂಗಸು ನನ್ನ ಭುಜ ಹಿಡಿದು, "ಅರ್ಗಿರೊ, ಹಣೆಯಿಂದ ಎಣ್ಣೆ ಸುರೀತಿದೆ ಕಣೇ," ಎಂದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಗೋಪುರದ ಮೇಲಿಂದ ಒಂದು ಹಗ್ಗ, ಹಗ್ಗಕ್ಕೊಂದು ಬುಟ್ಟಿ ಇದೆ. ಗಂಟೆಗೆ ಬೇಕಾದ ಸಾಮಾನು ಸೇದಿಕೊಳ್ಳುವುದಕ್ಕೆ. ಜನ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಇಗ್ನಾಟಿಸ್ ಆ ಬುಟ್ಟಿಯಲ್ಲಿ ಏನೋ ಇಟ್ಟು, "ಸ್ಟ್ರಾಟಿಸಣ್ಣ, ನಮ್ಮ ಕಡೆಯಿಂದ ಒಂದು ಸಣ್ಣ ಪ್ರೀತಿ," ಎಂದು ಕೂಗಿದ್ದನ್ನು ನಾನು ನೋಡಿದೆ. ನೀರಿನ ಹೂಜಿ ಕಾಣಿಸಿತು. ಬಾಯಾರಿರುತ್ತದೆ, ಒಳ್ಳೆಯ ಕೆಲಸ ಮಾಡಿದ ಎಂದುಕೊಂಡೆ. ಹೂಜಿಯ ಹಿಂದೆ ಎಳ್ಳು ಹಲ್ವದ ಇಡೀ ಅಚ್ಚು ಇದ್ದದ್ದು ನನಗೆ ಕಾಣಲಿಲ್ಲ.

ಒಂದು ವಾರ ಸೊಪ್ಪು ತಿಂದ ಮನುಷ್ಯ, ಗೆದ್ದ ಸಂತೋಷ, ಮೇಲೆ ಯಾರೂ ಇಲ್ಲ. ಅಚ್ಚು ಪೂರ್ತಿ ತಿಂದ. ತಿಂದ ಮೇಲೆ ದಾಹ, ಹೂಜಿ ಪೂರ್ತಿ ಕುಡಿದ. ಎಳ್ಳು ಹೊಟ್ಟೆಯೊಳಗೆ ಊದಿತು. ಇಳಿಯಲು ಬಂದವನು ಸೂಜಿಕಣ್ಣಿಗೆ ಹೊಟ್ಟೆ ಕೊಟ್ಟು ನೋಡಿದ, ಬೆನ್ನು ಕೊಟ್ಟು ನೋಡಿದ. ಎಣ್ಣೆ ಹತ್ತುವಾಗಲೇ ಗೋಡೆಗೆ ಹೋಗಿತ್ತು.

"ಅಕ್ಕ," ಎಂದು ಮೆಟ್ಟಿಲ ಮೇಲಿಂದ ಸಣ್ಣ ದನಿ ಬಂತು. "ಸ್ವಲ್ಪ ತಡ ಆಗ್ತದೆ."

"ಎಷ್ಟು ಸ್ವಲ್ಪ?"

"ಗೊತ್ತಿಲ್ಲ. ಹಲ್ವ ಇತ್ತು."

ನಾನು ಅಂಗಳಕ್ಕೆ ಹೋಗಿ ಇಗ್ನಾಟಿಸನಿಗೆ ಏನು ಅಂದೆ ಎಂಬುದನ್ನು ಇಲ್ಲಿ ಹೇಳುವ ಹಾಗಿಲ್ಲ, ಅದು ಪವಿತ್ರ ವಾರವಾಗಿತ್ತು. ಅವನು ಎರಡೂ ಕೈ ಎತ್ತಿ, "ನಾನು ಬಾಯಿಗೆ ಹಾಕಿದ್ನಾ ಅಕ್ಕ? ಅವನೇ ತಿಂದಿದ್ದು. ಮಾಡಿದ್ದುಣ್ಣೋ ಮಹಾರಾಯ," ಎಂದ. ಪಾದ್ರಿಗಳ ಕಡೆ ತಿರುಗಿ, "ಫಾದರ್, ಮೇಲೆ ಹೋಗಿ ಇಳಿಯಲಾಗದವನು ಗಂಟೆಯವನಲ್ಲ, ನಾಲ್ಕನೇ ಗಂಟೆ. ಫೈರ್ ಇಂಜಿನ್ನಿನವರನ್ನ ಕರೀಲಾ?" ಎಂದ.

ಪಾದ್ರಿ ಯೋಚಿಸಿದರು. "ತನ್ನ ಕಾಲಲ್ಲಿ ಇಳೀಬೇಕು ಅಂದಿದ್ದೆ, ಯಾವಾಗ ಅಂದಿರಲಿಲ್ಲ. ಸೋಮವಾರದ ಪೂಜೆ ಮುಗಿಯೋ ತನಕ ಟೈಮು. ಆಮೇಲೆ ಫೈರ್ ಇಂಜಿನ್ನೂ ಬರಲಿ, ನಿನ್ನ ಮೋಟರೂ ಬರಲಿ."

ಕಂಬಳಿ ಮೇಲೆ ಹೋಯಿತು, ದಿಂಬು ಹೋಯಿತು. ಬುಟ್ಟಿಗಳು ಈಗ ಎರಡಾದವು, ಒಂದು ಊಟಕ್ಕೆ, ಎರಡನೆಯದರ ವಿಚಾರ ಬೇಡ. ಆ ರಾತ್ರಿಯ ಪಾಸ್ಕದ ಗಂಟೆಯನ್ನು ಅವನು ಮೇಲಿಂದಲೇ ಸರಿಯಾದ ಹೊತ್ತಿಗೆ ಬಾರಿಸಿದ. ಹೇಗೂ ಅಲ್ಲೇ ಇದ್ದನಲ್ಲ.

ಭಾನುವಾರ ಊರಿಗೆ ಊರೇ ಹೊಗೆ. ಅಂಗಳ ಅಂಗಳದಲ್ಲೂ ಕುರಿಮರಿ ಕೆಂಡದ ಮೇಲೆ ತಿರುಗುತ್ತಿತ್ತು. ಏಳು ವಾರದ ಬಾಯಿ ಬಿಚ್ಚಿದ ದಿನ: ಚೀಸು ತುಂಬಿದ ಸಿಹಿ ಕಡುಬು, ಬೆಣ್ಣೆ ಬಿಸ್ಕತ್ತು, ಜಡೆ ಹೆಣೆದ ಸಿಹಿರೊಟ್ಟಿ. ಗಾಳಿ ನೇರವಾಗಿ ಗೋಪುರಕ್ಕೇ ಬೀಸುತ್ತಿತ್ತು. ಎದುರು ಸಿಕ್ಕವರೆಲ್ಲ ಪದ್ಧತಿಯಂತೆ "ಕ್ರಿಸ್ತ ಎದ್ದ" ಎಂದು ನನಗೆ ಹೇಳಿ, "ಸ್ಟ್ರಾಟಿಸ್ ಯಾವಾಗ ಇಳಿಯೋದು?" ಎಂದು ಸೇರಿಸುತ್ತಿದ್ದರು. ಊರಿಗೆ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ. ಊರು ಉಪವಾಸ ಮಾಡುವಾಗ ನನ್ನ ತಮ್ಮ ಹಬ್ಬ ಮಾಡಿದ, ಊರು ಹಬ್ಬ ಮಾಡುವಾಗ ಅವನು ಉಪವಾಸ ಕೂತ.

ಪ್ರೀತಿಯೇ ದೊಡ್ಡ ತೊಂದರೆಯಾಯಿತು. ಆ ಬಡಿತ ಕೇಳಿದ ಸಂತೋಷಕ್ಕೆ ಪ್ರತಿ ಮನೆಯಿಂದಲೂ ತಟ್ಟೆ ಬಂತು. "ಪಾಪ, ಒಬ್ನೇ ಮೇಲವ್ನೆ," ಎಂದು ಹೆಂಗಸರು ಬುಟ್ಟಿಯಲ್ಲಿ ಇಟ್ಟೇ ಇಟ್ಟರು. ನಾನು ಗೋಪುರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತು ಬೈದೆ, ಅವರು ಕೇಳಲಿಲ್ಲ. ಬುಟ್ಟಿ ಮೇಲೆ ಹೋಗುತ್ತಿತ್ತು, ನನ್ನ ಎದೆ ಕೆಳಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬುಟ್ಟಿ ವಾಪಸು ಬರುತ್ತಿತ್ತು. ನೋಡಿದರೆ ತಟ್ಟೆ ಹೋದ ಹಾಗೆಯೇ ಇರುತ್ತಿತ್ತು, ಒಂದು ಚೂರೂ ಮುರಿದಿರಲಿಲ್ಲ.

ಮಧ್ಯಾಹ್ನ ಇಗ್ನಾಟಿಸ್ ಬಕ್ಲಾವದ ದೊಡ್ಡ ತಟ್ಟೆ ತಂದ. ಪದರ ಪದರ, ಪಾಕ ಜಿನುಗುತ್ತಿತ್ತು. ಅದೂ ಮೇಲೆ ಹೋಯಿತು. ಅದು ಬಹಳ ಹೊತ್ತು ಬರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಕೂತೆ. ಕೊನೆಗೆ ಹಗ್ಗ ಅಲ್ಲಾಡಿತು, ಬುಟ್ಟಿ ಬಂತು. ಬಕ್ಲಾವ ಇಡಿಯಾಗಿತ್ತು.

ನಾನು ಮೆಟ್ಟಿಲ ಬಾಗಿಲಿಗೆ ಹೋಗಿ ತಲೆ ಒಳಗೆ ಹಾಕಿದೆ. "ಲೋ, ಬದುಕಿದೀಯಾ?"

"ಮೂಸಿ ನೋಡ್ತಾ ಇದ್ದೆ ಅಕ್ಕ. ಮೂಸಿದ್ರೆ ದಪ್ಪ ಆಗಲ್ಲ ಅಲ್ವಾ?"

"ಇಲ್ಲ. ಅಳ್ತಿದೀಯಾ?"

"ಹೂಂ. ಕುರಿ ಹೊಗೆ ಕಣ್ಣಿಗೆ ಬರ್ತಿದೆ." ಆಮೇಲೆ ಕೇಳಿದ, "ನೀನು ಊಟ ಮಾಡಿದ್ಯಾ?"

"ಮಾಡಿದೆ," ಎಂದೆ. ಮಾಡಿರಲಿಲ್ಲ. ನನ್ನ ಪಾಲಿನ ಕುರಿಮಾಂಸ ಪಕ್ಕದ ಮನೆಯಲ್ಲಿ ತಣ್ಣಗಾಗುತ್ತಿತ್ತು. ಅವನು ಹಸಿದು ಕೂತಿರುವಾಗ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜಾಡಿಯನ್ನು ಬೀಗ ಹಾಕದೆ ಇಟ್ಟವಳು ನಾನು, ಮೊದಲ ವಾರ ಎರಡೆರಡು ಸಲ ಬಡಿಸಿದವಳೂ ನಾನು. ಇದನ್ನೂ ಅವನಿಗೆ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಪೂಜೆಗೆ ಗಂಟೆ ಬಾರಿಸಿದ. ಬಡಿತ ಹಗುರವಾಗಿತ್ತು. ಅವ್ವ ಇದ್ದಿದ್ದರೆ, "ಇವತ್ತು ಏನೂ ತಿಂದಿಲ್ಲ," ಎನ್ನುತ್ತಿದ್ದಳು. ಪೂಜೆ ನಡೆಯುತ್ತಿರುವಾಗಲೇ ಅರ್ಧ ಊರು ಹೊರಗೆ ಅಂಗಳದಲ್ಲಿ ಸೇರಿತ್ತು. ಇಗ್ನಾಟಿಸ್ ಫೋನು ಕೈಯಲ್ಲಿ ಹಿಡಿದುಕೊಂಡು, ಮೋಟರು ಎಲ್ಲಿ ಕೂರಿಸಬೇಕೆಂದು ಗೋಡೆ ನೋಡುತ್ತಿದ್ದ. ಒಳಗೆ ಕೊನೆಯ ಹಾಡು ಶುರುವಾಯಿತು.

ಗೋಪುರದೊಳಗೆ ಹೆಜ್ಜೆ ಕೇಳಿಸಿತು. ನಿಂತಿತು. ಅಂಗಳದಲ್ಲಿ ಮಾತು ನಿಂತಿತು. ಉಸಿರು ಹೊರಗೆ ಬಿಟ್ಟ ಸದ್ದು, ಉದ್ದಕ್ಕೆ, ಒಳಗೆ ಇದ್ದ ಗಾಳಿಯನ್ನೆಲ್ಲ ಖಾಲಿ ಮಾಡಿದ ಹಾಗೆ. ಕಲ್ಲಿಗೆ ಬಟ್ಟೆ ಉಜ್ಜಿತು, ಏನೋ ಹರಿಯಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಒಳಗೆ ಓಡಿ ಹೋಗಿ ಎಳೆಯಬೇಕೆಂದು ಕೈ ತುರಿಸುತ್ತಿತ್ತು, ಎಳೆದರೆ ಮೋಟರು. ಮೊದಲು ಒಂದು ಬೂಟು ಕಾಣಿಸಿತು, ಆಮೇಲೆ ಇನ್ನೊಂದು. ಅಂಗಿಯ ಒಂದು ತೋಳು ಹರಿದು ನೇತಾಡುತ್ತ, ಮೈಯೆಲ್ಲ ಸುಣ್ಣದ ಪುಡಿ ಮೆತ್ತಿಕೊಂಡು, ಸ್ಟ್ರಾಟಿಸ್ ಅಂಗಳಕ್ಕೆ ಬಂದು ನಿಂತ.

ಪಾದ್ರಿ ಒಳಗಿನಿಂದ ಬಂದು ಅವನ ಕಾಲು ನೋಡಿದರು. "ನಿನ್ನದೇ ತಾನೆ?"

"ನನ್ನದೇ, ಫಾದರ್."

"ಹಾಗಾದ್ರೆ ಗಂಟೇನೂ ನಿನ್ನದೇ."

ಜನ ಕೂಗಿದರು, ಯಾರೋ ಬೆನ್ನು ತಟ್ಟಿದರು, ಸುಣ್ಣ ಎದ್ದಿತು. ಸ್ಟ್ರಾಟಿಸ್ ನೇರವಾಗಿ ಇಗ್ನಾಟಿಸನ ಹತ್ತಿರ ಹೋದ. ಜಗಳವಾಗುತ್ತದೆ ಎಂದು ಎಲ್ಲರೂ ಆಸೆಯಿಂದ ನೋಡಿದರು.

"ಹಲ್ವ ಚೆನ್ನಾಗಿತ್ತು ಕಣೋ ಇಗ್ನಾಟಿಸ್," ಎಂದ. "ಮೊದಲನೇ ತುಂಡು ಬಹಳ ಚೆನ್ನಾಗಿತ್ತು. ಆಮೇಲಿಂದು ಯಾವುದರದ್ದೂ ರುಚಿ ಗೊತ್ತಾಗ್ಲಿಲ್ಲ. ಮೇಲೆ ಕೂತು ಅದನ್ನೇ ಯೋಚನೆ ಮಾಡ್ತಾ ಇದ್ದೆ."

ಇಗ್ನಾಟಿಸ್ ಫೋನನ್ನು ಜೇಬಿಗೆ ಹಾಕಿಕೊಂಡ. "ಮುಂದಿನ ವರ್ಷ ನೋಡೋಣ," ಎಂದು ಗೊಣಗಿದ.

ನಾವು ಮನೆಗೆ ಬಂದೆವು. ನಾನು ನೇರ ಅಡುಗೆಮನೆಗೆ ಹೋಗಿ ಟ್ರಂಕಿನ ಬೀಗ ತೆಗೆದು ಹೇರಳೆಯ ಜಾಡಿ ಹೊರಗಿಟ್ಟೆ. ಅವನಿಗೆ ಅದು ಎಲ್ಲಕ್ಕಿಂತ ಇಷ್ಟ. ತಿರುಗಿ ನೋಡಿದರೆ ಅವನು ಹಿಂದೆ ಇರಲಿಲ್ಲ. ಮುಂದಿನ ಕೋಣೆಯಲ್ಲಿ, ಬಿಷಪ್ಪರು ಬಂದಾಗ ಕೂರಿಸುವ ಕುರ್ಚಿಯಲ್ಲಿ, ಹರಿದ ಅಂಗಿಯಲ್ಲೇ ನೆಟ್ಟಗೆ ಕೂತಿದ್ದ.

"ಅಲ್ಲೇನೋ ಮಾಡ್ತಿದೀಯಾ? ಕುರ್ಚಿಗೆಲ್ಲ ಸುಣ್ಣ ಆಗ್ತದೆ."

"ನಾನೀಗ ಅತಿಥಿ ಅಕ್ಕ," ಎಂದ. "ಅತಿಥಿಗೆ ಹೇಗೆ ಕೊಡ್ತೀಯೋ ಹಾಗೆ ಕೊಡು."

ನಾನು ಪುಟ್ಟ ತಟ್ಟೆ ತೆಗೆದೆ. ಒಂದು ಸುರುಳಿ ಇಟ್ಟೆ. ಚಮಚ, ಲೋಟ, ತಣ್ಣೀರು, ಬೆಳ್ಳಿಯ ಟ್ರೇ. ಅವನು ಅದನ್ನು ಚಮಚದಿಂದ ಚೂರು ಚೂರು ಕತ್ತರಿಸಿಕೊಂಡು ತಿಂದ. ಕಿಟಕಿಯ ಬಿಸಿಲು ಮೇಜಿನ ಈ ಮೂಲೆಯಿಂದ ಆ ಮೂಲೆಗೆ ಹೋಯಿತೋ ಏನೋ ಎನಿಸುವಷ್ಟು ಹೊತ್ತು ತಿಂದ. ಕೊನೆಗೆ ತಟ್ಟೆಯಲ್ಲಿ ಉಳಿದ ಪಾಕವನ್ನು ಚಮಚದಲ್ಲಿ ಗೋರಿ ನೆಕ್ಕಿದ.

"ಇದರಲ್ಲಿ ಲವಂಗ ಹಾಕ್ತೀಯಾ?" ಎಂದು ಕೇಳಿದ.

"ಅವ್ವನ ಕಾಲದಿಂದಲೂ ಹಾಕ್ತಿದೀವಿ."

"ನಂಗೆ ಇವತ್ತೇ ಗೊತ್ತಾಗಿದ್ದು."

ನೀರು ಕುಡಿದ. ಮನೆಗೆ ಒಳ್ಳೆಯದಾಗಲಿ ಎಂದ. ಆಮೇಲೆ ಚಮಚವನ್ನು ಲೋಟದೊಳಗೆ ಇಟ್ಟ. ನನ್ನ ತಮ್ಮ ಚಮಚವನ್ನು ಲೋಟದಲ್ಲಿ ಇಟ್ಟದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಎಷ್ಟು ವರ್ಷ ಇದಕ್ಕಾಗಿ ಬೈದಿದ್ದೆ. ಈಗ ನೋಡಿದರೆ ಜಾಡಿ ನನ್ನ ಕೈಯಲ್ಲೇ ಇತ್ತು, ಮುಚ್ಚಳ ತೆರೆದೇ ಇತ್ತು.

"ಇನ್ನೊಂದೇ ಒಂದು ತಗೊಳ್ಳೋ," ಎಂದು ಜಾಡಿಯಿಂದ ಇನ್ನೊಂದು ಸುರುಳಿ ಎತ್ತಿ ಹಿಡಿದೆ. "ಎರಡು ದಿನದಿಂದ ಹಸಿದಿದೀಯ. ಒಂದರಿಂದ ಏನಾಗ್ತದೆ?"

"ಸಾಕು ಅಕ್ಕ. ಚಮಚ ಲೋಟದಲ್ಲಿದೆ, ನೋಡು."

ಅವನು ಎದ್ದು, ಕುರ್ಚಿಯ ಸುಣ್ಣ ಕೈಯಿಂದ ಒರೆಸಿ, ಮಲಗಲು ಹೋದ. ನಾನು ಜಾಡಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ತೆಗೆದ ಸುರುಳಿಯನ್ನು ಮತ್ತೆ ಜಾಡಿಗೆ ಹಾಕಬಾರದು, ಪಾಕ ಕೆಡುತ್ತದೆ. ಅಡುಗೆಮನೆಗೆ ಹೋಗಿ, ನಿಂತುಕೊಂಡೇ, ಅದನ್ನು ನಾನೇ ತಿಂದೆ. ಅದರ ಹಿಂದೆ ಇನ್ನೊಂದು ತಿಂದೆ. ಗೋಪುರ ಹತ್ತಬೇಕಾದವಳು ನಾನಲ್ಲವಲ್ಲ.